ವಿಲನ್ ಯಾವ ದೇಶದವನು

ನನ್ನ ನೋಟ್‌ಬುಕ್ಕುಗಳಲ್ಲಿ ಎಲ್ಲಕ್ಕಿಂತ ಹಳೆಯದರ ರಟ್ಟಿನ ಮೇಲೆ ನವಿಲಿನ ಚಿತ್ರವಿದೆ. ಒಳಗೆ ನಲವತ್ತಮೂರು ಪಿಚ್ಚರುಗಳ ಲೆಕ್ಕ. ಎಲ್ಲವೂ ಹೊಡೆದಾಟದ ಪಿಚ್ಚರುಗಳೇ: ಕುಂಗ್‌ಫು, ಕರಾಟೆ, ಕತ್ತಿವರಸೆ. ಎಲ್ಲವನ್ನೂ ನೋಡಿದ್ದು ದೊಡ್ಡಪ್ಪನ ಪಡಸಾಲೆಯಲ್ಲಿ, ಭಾನುವಾರ ಮಧ್ಯಾಹ್ನ, ಊಟದ ತಟ್ಟೆ ತೊಳೆದಿಟ್ಟ ಮೇಲೆ. ಪ್ರತಿ ಪುಟಕ್ಕೂ ಸ್ಕೇಲಿಟ್ಟು ಗೆರೆ ಹೊಡೆದು ಐದು ಕಲಂ ಮಾಡಿದ್ದೇನೆ. ತಾರೀಖು, ಪಿಚ್ಚರ್ ತೆಗೆದ ದೇಶ, ಹೀರೋನ ದೇಶ, ವಿಲನ್ನಿನ ದೇಶ, ಕೊನೆಯವರೆಗೆ ನೋಡಿದೆವೋ ಇಲ್ಲವೋ. ಕೊನೆಯ ಕಲಮಿನಲ್ಲಿ ಇಪ್ಪತ್ತನಾಲ್ಕು ಕಡೆ ‘ಇಲ್ಲ’ ಎಂದಿದೆ. ಕರೆಂಟು ಹೋಗಿ ನಿಂತವು ಕೆಲವು, ಸೀಡಿಗೆ ಗೀರು ಬಿದ್ದು ನಿಂತವು ಕೆಲವು. ಉಳಿದವೆಲ್ಲ ಮನೆಯವರು ಜಗಳಕ್ಕೆ ಬಿದ್ದು ಯಾರೋ ಎದ್ದು ಹೋಗಿ ಟೀವಿ ಆರಿಸಿದ್ದರಿಂದ ನಿಂತವು. ಅಂದರೆ ನನ್ನ ಬಾಲ್ಯದ ಅರ್ಧಕ್ಕಿಂತ ಹೆಚ್ಚು ಹೀರೋಗಳು ಇನ್ನೂ ಕಾಲೆತ್ತಿಕೊಂಡು ಹಾಗೇ ಗಾಳಿಯಲ್ಲಿ ನಿಂತಿದ್ದಾರೆ. ಆ ಕಲಂ ನೋಡಿದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ.

ನಮ್ಮದು ದಬ್ಬೇಘಟ್ಟದ ಕಡೆಯಿಂದ ಬಸ್ಸು ಬರುವ ರಸ್ತೆಯ ಪಕ್ಕದ ಉದ್ದನೆಯ ಹೆಂಚಿನ ಮನೆ. ನಾನು ಹುಟ್ಟುವ ಮೊದಲೇ ಅಪ್ಪ ಮತ್ತು ದೊಡ್ಡಪ್ಪನ ನಡುವೆ ತೋಟ ಪಾಲಾಗಿತ್ತು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಒಲೆಯೂ ಎರಡಾಯಿತು. ಮೂಡಲ ಅರ್ಧ ದೊಡ್ಡಪ್ಪನದು, ಪಡುವಲ ಅರ್ಧ ನಮ್ಮದು, ನಡುವೆ ಒಂದು ಬಾಗಿಲು. ಆ ಬಾಗಿಲಿಗೆ ಚಿಲಕವಿತ್ತು, ಹಾಕಿದ್ದನ್ನು ನಾನು ನೋಡಿರಲಿಲ್ಲ. ಅಜ್ಜಿ ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ ಊಟ ಮಾಡುತ್ತಿದ್ದಳು, ಎರಡೂ ಕಡೆ ಮುದ್ದೆ ಗಂಟಾಗಿದೆ ಎಂದು ಬಯ್ಯುತ್ತಿದ್ದಳು. ಪಾಲಾಗದೆ ಉಳಿದಿದ್ದು ಅಟ್ಟ ಒಂದೇ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಮುಟ್ಟದೆ ಬಿಡಬೇಕು. ಕೆಳಗಿನ ಒಲೆಯ ಬಿಸಿ, ಹೊಗೆ ತಾಗಿ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಮನೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಟ್ಟ, ಇಬ್ಬರ ಕಾಯಿಗೂ ಒಂದೇ ರಾಶಿ. ಇಳಿಸಿ ಸುಲಿದ ಮೇಲೆ ನಿನಗೊಂದು ಕುಕ್ಕೆ, ನನಗೊಂದು ಕುಕ್ಕೆ ಎಂದು ಹಂಚಿಕೊಳ್ಳುತ್ತಿದ್ದರು. ಯಾವಾಗ ಇಳಿಸಬೇಕು ಎಂದು ಹೇಳುವವನು ದೊಡ್ಡಪ್ಪ. ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುತ್ತಿದ್ದ. ಒಳಗೆ ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಅವನಿಗೆ ಒಪ್ಪಿಗೆಯಾಗಬೇಕು. ಒಪ್ಪಿಗೆಯಾಗದಿದ್ದರೆ ಕಾಯಿ ಮತ್ತೆ ರಾಶಿಗೆ.

ದೊಡ್ಡಪ್ಪನಿಗೆ ಈ ಪಿಚ್ಚರುಗಳ ಹುಚ್ಚು ಎಲ್ಲಿಂದ ಹಿಡಿಯಿತೋ ಗೊತ್ತಿಲ್ಲ. ತುರುವೇಕೆರೆಯ ಸಂತೆಗೆ ಹೋದಾಗಲೆಲ್ಲ ಸೀಡಿ ಅಂಗಡಿಯಿಂದ ಒಂದನ್ನು ತರುತ್ತಿದ್ದ. ಟೀವಿ ಜಪಾನಿನ ಕಂಪನಿಯದು, ಅದಕ್ಕೆ ಸಿಕ್ಕಿಸಿದ ಸೀಡಿ ಪ್ಲೇಯರ್ ಚೀನಾದ್ದು. ಪಿಚ್ಚರಿನಲ್ಲಿ ಹೊಡೆದುಕೊಳ್ಳುವ ಎರಡು ದೇಶಗಳೂ ಒಂದೇ ವೈರಿನಲ್ಲಿ ಸೇರಿಕೊಂಡು ಆ ಹೊಡೆದಾಟವನ್ನು ನಮಗೆ ತೋರಿಸುತ್ತಿದ್ದವು. ಮಾತು ಹಿಂದಿಯಲ್ಲಿ ಇರುತ್ತಿತ್ತು. ಮನೆಯಲ್ಲಿ ಯಾರಿಗೂ ಹಿಂದಿ ಬಾರದು. ಹಾಗಾಗಿ ದೊಡ್ಡಪ್ಪ ಗೋಡೆಗೆ ಒರಗಿ ಕೂತು ತಾನೇ ಮಾತು ಕೊಡುತ್ತಿದ್ದ. ಅವನ ಮಗಳು ಉಮಾ ನನಗಿಂತ ಒಂದು ವರ್ಷ ದೊಡ್ಡವಳು. ಅವಳೂ ನಾನೂ ಒಂದೇ ಚಾಪೆಯ ಮೇಲೆ ಮೊಣಕೈಯೂರಿ ಮಲಗಿರುತ್ತಿದ್ದೆವು, ನಡುವೆ ಹುರಿಗಡಲೆಯ ಬಟ್ಟಲು. ಅಪ್ಪ ನಡುಬಾಗಿಲ ಹೊಸ್ತಿಲ ಮೇಲೆ ಕೂರುತ್ತಿದ್ದ, ಪೂರ್ತಿ ಅವರ ಮನೆಗೂ ಬರದೆ, ಪೂರ್ತಿ ನಮ್ಮ ಮನೆಯಲ್ಲೂ ಉಳಿಯದೆ.

“ಈಗ ನೋಡ್ರಪ್ಪಾ, ಆ ಮೀಸೆಯೋನು ಏನಂತಾವ್ನೆ? ನಿಮ್ ಮೇಷ್ಟ್ರನ್ನ ನಾನೇ ವಿಸ ಹಾಕ್ಸಿ ಕೊಲ್ಸಿದ್ದು ಕಣ್ಲಾ, ಏನ್ ಕಿತ್ಕೊಂತೀಯ, ಅಂತಾವ್ನೆ.”

“ಅಷ್ಟೆಲ್ಲ ಅಂದ್ನಾ ಅವ್ನು? ಎರಡೇ ಮಾತಾಡ್ದ,” ಎಂದು ಅಪ್ಪ ಹೊಸ್ತಿಲಿಂದ.

“ಅವ್ರ ಭಾಸೇಲಿ ಅಷ್ಟೇ ಸಾಕು ಬುಡು. ಜಪಾನ್‌ನೋನು ಅವ್ನು. ಮೊಕ ನೋಡಿದ್ರೇ ಗೊತ್ತಾಗಲ್ವಾ?”

ದೊಡ್ಡಪ್ಪನ ಲೆಕ್ಕದಲ್ಲಿ ವಿಲನ್ ಯಾವಾಗಲೂ ಜಪಾನಿನವನು, ಹೀರೋ ಯಾವಾಗಲೂ ಚೀನಾದವನು. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ನಾನು ಟೀವಿಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅಕ್ಷರ ಕೂಡಿಸಿ ಓದಲು ಕಲಿತೆ. ಒಂದು ಭಾನುವಾರ ಗೊತ್ತಾಯಿತು, ದೊಡ್ಡಪ್ಪ ಒಂದು ಗಂಟೆಯಿಂದ ಚೀನಾದವನು ಎಂದು ಹೊಗಳುತ್ತಿದ್ದ ಹೀರೋ ಕೊರಿಯಾದವನು. ಹೇಳಿದೆ.

“ದೊಡ್ಡಪ್ಪ, ಅವ್ನು ಕೊರಿಯಾದೋನು.”

“ಎಲ್ಲಾ ಒಂದೇ ಕಣವ್ವ.”

“ಒಂದೇ ಆಗಿದ್ರೆ ಯಾಕೆ ಹೊಡ್ದಾಡ್ತಾರೆ?”

ದೊಡ್ಡಪ್ಪ ನಗುತ್ತಾ ಹೊಸ್ತಿಲ ಕಡೆ ಕೈ ತೋರಿಸಿದ. “ಅಮ್ಮಸಂದ್ರದಲ್ಲಿ ಬಸ್ ಇಳಿದ್ರೆ ಜನ ನನ್ನ ನಿಮ್ಮಪ್ಪ ಅಂತಾರೆ, ನಿಮ್ಮಪ್ಪನ್ನ ನಾನು ಅಂತಾರೆ. ಹಂಗಂತ ನಾವ್ ಜಗಳ ಆಡಲ್ವಾ?”

ಅಂದಿನಿಂದಲೇ ನವಿಲಿನ ನೋಟ್‌ಬುಕ್ಕು ಶುರುವಾದದ್ದು. ಊಹೆ ಬೇಡ, ಬರೆದುಕೊಂಡು ನೋಡೋಣ ಎಂದುಕೊಂಡೆ. ಹತ್ತು ಹನ್ನೆರಡು ಪಿಚ್ಚರ್ ಆಗುವ ಹೊತ್ತಿಗೆ ಗೆರೆಗಳ ನಡುವೆ ಒಂದು ರೂಪ ಕಾಣತೊಡಗಿತು. ಚೀನಾದ್ದೋ ಹಾಂಗ್‌ಕಾಂಗಿನದೋ ಪಿಚ್ಚರಾದರೆ ವಿಲನ್ ಜಪಾನಿನವನು, ಆ ಮಟ್ಟಿಗೆ ದೊಡ್ಡಪ್ಪ ಸರಿ. ಅವನು ದೂರದಿಂದ ಬಂದಿರುವುದಿಲ್ಲ, ಪಕ್ಕದ ಬೀದಿಯಲ್ಲೇ ಗರಡಿ ತೆರೆದಿರುತ್ತಾನೆ. ಕೊರಿಯಾದ ಪಿಚ್ಚರಿನಲ್ಲೂ ಜಪಾನಿನವನೇ, ಆದರೆ ಅವನಿಗೆ ದಾರಿ ತೋರಿಸುವ ಊರಿನವನೊಬ್ಬ ಇರುತ್ತಾನೆ, ಹೀರೋಗೆ ಕೋಪವೆಲ್ಲ ಅವನ ಮೇಲೆ. ಜಪಾನಿನ ಪಿಚ್ಚರುಗಳು ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡವು. ಅವುಗಳಲ್ಲಿ ಪಕ್ಕದ ದೇಶದವರೇ ಇರಲಿಲ್ಲ. ತಮ್ಮವರನ್ನು ತಾವೇ ಕತ್ತಿಯಿಂದ ಕಡಿದುಕೊಂಡು, ಅತ್ತು, ಹೂವಿನ ಮರದ ಕೆಳಗೆ ಸಾಯುತ್ತಿದ್ದರು. ಇವರು ಆ ದೇಶಗಳಿಗೆ ಹೋಗಿ ಏನು ಮಾಡಿದ್ದರು ಎಂಬ ಮಾತೇ ಇಲ್ಲ. ನಾಲ್ಕೈದು ಪಿಚ್ಚರುಗಳಲ್ಲಿ ಮಾತ್ರ ಕೊನೆಗೆ ಒಬ್ಬ ಬಿಳಿಯ ಬಾಕ್ಸರ್ ಬರುತ್ತಿದ್ದ, ಎಲ್ಲರನ್ನೂ ಹೀಯಾಳಿಸುತ್ತಿದ್ದ. ಆಗ ಅಲ್ಲಿಯವರೆಗೆ ಹೊಡೆದಾಡುತ್ತಿದ್ದ ಅಕ್ಕಪಕ್ಕದ ದೇಶದವರಿಬ್ಬರೂ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತಿದ್ದರು. ಅವನು ಬೀಳುವವರೆಗೆ ಅಷ್ಟೇ. ಇದು ನಾನು ನೋಡಿದ ನಲವತ್ತಮೂರರ ಮಾತು, ನೋಡದಿರುವುದರ ಬಗ್ಗೆ ನನಗೆ ಗೊತ್ತಿಲ್ಲ. ಸಮಾಜದ ಮೇಷ್ಟರನ್ನು ಕೇಳಿದೆ. ಜಪಾನಿನವರು ಆ ಎರಡೂ ದೇಶಕ್ಕೆ ನುಗ್ಗಿ ಆಳಿದ್ದರು, ಬಹಳ ಕಷ್ಟ ಕೊಟ್ಟಿದ್ದರು, ಪರೀಕ್ಷೆಗೆ ಬರಲ್ಲ ಕೂತ್ಕೊ ಎಂದರು. ಅಂದರೆ ತಪ್ಪು ನಡೆದದ್ದು ನಿಜ. ಒಬ್ಬರು ಅದನ್ನು ಪ್ರತಿ ಸಲ ದೊಡ್ಡದು ಮಾಡಿ ತೋರಿಸುತ್ತಾರೆ, ಇನ್ನೊಬ್ಬರು ತೋರಿಸುವುದೇ ಇಲ್ಲ. ಇದನ್ನು ಮನೆಯಲ್ಲಿ ಹೇಳಲು ಹೋದರೆ ಯಾರಿಗೂ ಬೇಕಾಗಿರಲಿಲ್ಲ. ಅಜ್ಜಿ ಮಾತ್ರ ಕೇಳಿಸಿಕೊಂಡು, “ಅವ್ರಿಗೇನಾದ್ರೂ ಅವ್ವ ಇದ್ದಾಳೇನೇ?” ಎಂದಳು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪ ಒಂದು ಮದುವೆಗೆಂದು ಕೆಂಕೆರೆಗೆ ಹೋಗಿ ಎರಡು ದಿನ ಉಳಿದ. ಅದೇ ಹೊತ್ತಿಗೆ ತಿಪಟೂರಿನ ವ್ಯಾಪಾರಿ ಕಡೆಯಿಂದ ಗಾಡಿ ಬರುತ್ತದೆ ಎಂದು ಸುದ್ದಿ ಬಂತು. ಅಪ್ಪ ಕಾಯಲಿಲ್ಲ. ಆಳುಗಳನ್ನು ಕರೆಸಿ ಅಟ್ಟ ಹತ್ತಿಸಿ ಕಾಯಿ ಇಳಿಸಿದ, ತಾನೇ ಅಲ್ಲಾಡಿಸಿ ನೋಡಿದ. ಅಪ್ಪನ ಕಿವಿಗೆ ಎಲ್ಲ ಕಾಯಿಯೂ ಆಗಿದೆ ಎಂದೇ ಕೇಳಿಸಿತು. ಸುಲಿಯಲು ಕೂತ ಹೆಂಗಸರು ಚಿಪ್ಪು ಬಿಡಿಸಿದಾಗ ಮೊದಲ ಕುಕ್ಕೆ ಚೆನ್ನಾಗಿತ್ತು. ಎರಡನೆಯದರಲ್ಲಿ ಹಸಿ ಕೊಬ್ಬರಿ ಚಿಪ್ಪಿಗೇ ಅಂಟಿಕೊಂಡು ಚೂರಾಯಿತು. ಮೂರನೆಯದರಲ್ಲಿ ಕೊಳೆತ ನೀರು ಅಂಗಳಕ್ಕೆ ಹರಿದು ನಾತ ಎದ್ದಿತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಅವುಗಳಲ್ಲಿ ಎಷ್ಟೋ ಕಾಯಿ ಉಂಡೆಯಾಗುತ್ತಿದ್ದವು, ಕೆಟ್ಟವು ದೊಡ್ಡಪ್ಪನ ಕಿವಿಗೆ ಸಿಕ್ಕಿ ಬೇರೆಯಾಗುತ್ತಿದ್ದವು. ಅಷ್ಟರಲ್ಲಿ ದೊಡ್ಡಪ್ಪ ಬಸ್ಸಿಳಿದು ಬಂದ. ನಾನು ಜಗಲಿಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ನಡೆದ ಮಾತನ್ನು ಆಗಲೇ, ನವಿಲಿನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಇಷ್ಟೇ:

“ಕೇಳ್ದೆ ಇಳ್ಸ್‌ಬುಟ್ಯಲ್ಲೋ. ಕಿವಿ ಇಲ್ವೇನ್ಲಾ ನಿಂಗೆ?”

“ಎಲ್ಲಾದ್ಕೂ ನಿನ್ ಕಿವೀನೇ ಆಗ್ಬೇಕಾ ಅಣ್ಣ?”

ದೊಡ್ಡಪ್ಪ ಒಳಗೆ ಹೋದ. ಅಪ್ಪ ಪೊರಕೆ ತೆಗೆದುಕೊಂಡು ಅಂಗಳ ತೊಳೆದ. ಸುಲಿಯುವ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಅಷ್ಟೇ ನಡೆದದ್ದು, ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ.

ಆದರೆ ಆಮೇಲಿನ ವಾರಗಳಲ್ಲಿ ಎರಡೂ ಮನೆಯಲ್ಲಿ ಪಿಚ್ಚರ್ ತೆಗೆಯಲು ಶುರುಮಾಡಿದರು. ದೊಡ್ಡಪ್ಪ ಬಂದವರಿಗೆಲ್ಲ ಆ ಕಥೆ ಹೇಳುತ್ತಿದ್ದ. ಮೊದಲ ಸಲ ಹೇಳಿದಾಗ ಎರಡು ಕುಕ್ಕೆ ಕಾಯಿ ಹಾಳಾಗಿತ್ತು, ನಾಲ್ಕನೇ ಸಲಕ್ಕೆ ಅರ್ಧ ಅಟ್ಟ ಕೊಳೆತಿತ್ತು, ಆರನೇ ಸಲಕ್ಕೆ ಅಪ್ಪ ಕೈಯೆತ್ತಿಕೊಂಡು ಅವನ ಮೇಲೆ ಬಂದಿದ್ದ. ನಮ್ಮ ಮನೆಯ ಪಿಚ್ಚರ್ ಬೇರೆ. ಅಪ್ಪನ ಕಥೆಯಲ್ಲಿ ಅಣ್ಣ ಆಳುಗಳ ಮುಂದೆ ಕಿವುಡ ಎಂದು ಅವಮಾನ ಮಾಡಿದ್ದು ಇತ್ತು, ಹೆಂಗಸು ನಕ್ಕದ್ದು ಇತ್ತು, ಚಿಕ್ಕಂದಿನಿಂದ ತುಳಿದದ್ದು ಇತ್ತು. ಕಾಯಿ ಮಾತ್ರ ಇರಲಿಲ್ಲ. ಕೊಳೆತ ಕಾಯಿಯ ಮಾತು ಒಂದು ಸಲವೂ ಬರಲಿಲ್ಲ. ಒಂದು ದಿನ ಶಾವಿಗೆಗೆ ಕಾಯಿಹಾಲು ಹಾಕುತ್ತಿದ್ದ ಅಮ್ಮನಿಗೆ ನಾನು ಹೇಳಿದೆ:

“ಅಪ್ಪ ಜಪಾನ್ ಥರ ಮಾಡ್ತಿದಾನೆ ಅಮ್ಮ. ದೊಡ್ಡಪ್ಪ ಹಾಂಗ್‌ಕಾಂಗ್ ಥರ.”

“ಮುಚ್ಕೊಂಡು ಶಾವಿಗೆ ತಿನ್ನು,” ಎಂದಳು ಅಮ್ಮ. “ನಿಮ್ಮಪ್ಪನ ಕಿವಿಗೆ ಬಿದ್ದಾತು.”

“ಅಪ್ಪಂಗೆ ಕಿವಿ ಕೇಳ್ಸಲ್ವಲ್ಲ,” ಎಂದೆ. ಸೌಟಿನಲ್ಲಿ ಒಂದು ಬಿತ್ತು.

ಭಾನುವಾರದ ಪಿಚ್ಚರ್ ನಿಂತಿತು. ಅಪ್ಪ ಹೊಸ್ತಿಲ ಮೇಲೆ ಕೂರುವುದನ್ನು ಬಿಟ್ಟ. ನಾನು ಆ ಕಡೆ ಹೋದರೆ ದೊಡ್ಡಪ್ಪ ಟೀವಿ ಹಾಕುತ್ತಿರಲಿಲ್ಲ. ನಡುಬಾಗಿಲ ಚಿಲಕ ಬಿದ್ದ ಸದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ. ಬಾಗಿಲು ತೆಗೆಸಿ ಇಟ್ಟಿಗೆ ಕಟ್ಟಿಸುವುದು ಎಂದು ಮಾತಾಯಿತು. ಆಶ್ಚರ್ಯವೆಂದರೆ ಆ ಒಂದು ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಹಿರಿಯರ ಹಬ್ಬ ಮುಗಿದ ಮೇಲೆ ಮೇಸ್ತ್ರಿ ಬರುವುದು ಎಂದು ನಿಂತಿತು. ಉಮಾ ಸ್ಕೂಲಿನ ನಲ್ಲಿಯ ಹತ್ತಿರ ನನ್ನನ್ನು ಹಿಡಿದುಕೊಂಡಳು. ಅವಳ ಮನೆಯಲ್ಲಿ ನನ್ನ ಹೆಸರೆತ್ತಿದರೆ ದೊಡ್ಡಮ್ಮ ಬಯ್ಯುತ್ತಾಳಂತೆ.

“ಏನಾದ್ರೂ ಮಾಡೇ. ನೀನೇ ಅಲ್ವಾ ಎಲ್ಲಾ ಬರ್ಕೊಳ್ಳೋಳು.”

ಆ ಮಾತು ನನ್ನ ತಲೆಗೆ ಹತ್ತಿತು. ಎಲ್ಲ ಬರೆದುಕೊಂಡಿದ್ದವಳು ನಾನೊಬ್ಬಳೇ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅಂಕ ಕೂಡಿಸಿದ್ದು ತಪ್ಪಾಗಿದ್ದರೆ ಮೇಷ್ಟರಿಗೆ ತೋರಿಸಿದರೆ ಸರಿ ಮಾಡಿಕೊಡುತ್ತಾರೆ. ಇಲ್ಲೂ ಹಾಗೇ ಆಗುತ್ತದೆ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಹಿರಿಯರ ಹಬ್ಬದ ಎಡೆಯನ್ನು ನಮ್ಮಲ್ಲಿ ಎರಡು ಕಡೆ ಇಡುವುದಿಲ್ಲ. ಒಲೆ ಎರಡಾದರೂ ಸತ್ತವರು ಎರಡಾಗುವುದಿಲ್ಲ ಎಂದು ಅಜ್ಜಿ ಹಟ ಹಿಡಿದಿದ್ದಳು. ಹಾಗಾಗಿ ಆ ಮಧ್ಯಾಹ್ನ ಚಿಲಕ ತೆಗೆದು, ದೊಡ್ಡಪ್ಪನ ಪಡಸಾಲೆಯಲ್ಲಿ ಅಜ್ಜನ ಫೋಟೋದ ಮುಂದೆ ಎಡೆ ಇಟ್ಟರು. ಹೊಸ ಪಂಚೆ, ವಿಭೂತಿ, ಒಬ್ಬಟ್ಟು, ಅಜ್ಜನಿಗೆ ಇಷ್ಟವೆಂದು ಒಂದು ಕಟ್ಟು ಬೀಡಿ. ಪೂಜೆ ಮುಗಿದು ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತರು. ದೊಡ್ಡಮ್ಮನ ತವರಿನವರು ನಾಲ್ಕು ಜನ ಬಂದಿದ್ದರು. ಅಪ್ಪ ಒಂದು ತುದಿಗೆ, ದೊಡ್ಡಪ್ಪ ಇನ್ನೊಂದು ತುದಿಗೆ. ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿರುವಾಗ ನಾನು ನೋಟ್‌ಬುಕ್ಕು ಹಿಡಿದು ಎದ್ದು ನಿಂತೆ. ತಾರೀಖು ಓದಿದೆ. ಸಮಯ ಓದಿದೆ. ಯಾರು ಏನೆಂದರು ಎಂದು ಓದಿದೆ. ದೊಡ್ಡಪ್ಪ ಕಥೆಯನ್ನು ಎಷ್ಟು ಸಲ, ಯಾರ ಮುಂದೆ ಹೇಳಿದ, ಪ್ರತಿ ಸಲ ಕುಕ್ಕೆ ಎಷ್ಟು ಹೆಚ್ಚಾಯಿತು ಎಂದು ಓದಿದೆ. ಅಪ್ಪ ಎಷ್ಟು ಸಲ ಹೇಳಿದ, ಅದರಲ್ಲಿ ಕಾಯಿಯ ಹೆಸರು ಎಷ್ಟು ಸಲ ಬಂತು ಎಂದು ಓದಿ, “ಸೊನ್ನೆ” ಎಂದೆ. ಯಾರೂ ತುತ್ತು ಎತ್ತಲಿಲ್ಲ. ತವರಿನವರಲ್ಲಿ ಒಬ್ಬ, ನೀರು ಕುಡಿಯುವ ನೆಪದಲ್ಲಿ ಲೋಟ ಅಡ್ಡ ಹಿಡಿದು ನಕ್ಕ.

ಮೊದಲು ಮಾತಾಡಿದ್ದು ದೊಡ್ಡಪ್ಪ. ಎರಡು ತಿಂಗಳ ಮೇಲೆ ಮೊದಲ ಸಲ ಅಪ್ಪನ ಮುಖ ನೋಡಿ ಮಾತಾಡಿದ.

“ನೋಡ್ಲಾ ನಿನ್ ಮಗಳ್ನ. ನಮ್ ಮೇಲೆ ಪೋಲೀಸ್ ಕೆಲ್ಸ ಮಾಡ್ತಾವ್ಳೆ.”

“ನಿನ್ ಪಿಚ್ಚರ್ ನೋಡಿ ಕಲ್ತಿದ್ದು ಕಣಣ್ಣ. ಬೇಡ ಬೇಡ ಅಂತ ನಾನ್ ಬಡ್ಕೊಂಡೆ.”

“ಇಷ್ಟುದ್ದ ಇಲ್ಲ, ಹಿರೀಕ್ರು ಕೂತಿರೋ ಕಡೆ…”

“ಕೊಡೇ ಇಲ್ಲಿ ಪುಸ್ತಕ!”

ಅಪ್ಪ ಎಂಜಲು ಕೈಯಲ್ಲೇ ಎದ್ದು ಬಂದ. ದೊಡ್ಡಪ್ಪನೂ ಎದ್ದ. ಇಬ್ಬರೂ ಪಕ್ಕಪಕ್ಕ ನಿಂತರು, ಒಂದೇ ಎತ್ತರ, ಒಂದೇ ಮೂಗು, ಒಂದೇ ಕೆಂಪು ಮುಖ. ಅಮ್ಮಸಂದ್ರದವರು ಗುರುತು ತಪ್ಪುವುದು ಸಹಜವೇ ಅನ್ನಿಸಿತು. ಕೆನ್ನೆಗೆ ಬಿದ್ದದ್ದು ಅಪ್ಪನ ಕೈ, ಸರಿಯಾಗಿ ಬಿತ್ತು ಎಂದು ತಲೆಯಾಡಿಸಿದ್ದು ದೊಡ್ಡಪ್ಪ. ನೋವಾಗುವುದಕ್ಕೂ ಮೊದಲು ನನಗೆ ಹೊಳೆದದ್ದು ಬೇರೆ. ನಾನು ಬಿಳಿಯ ಬಾಕ್ಸರ್ ಆಗಿದ್ದೆ. ನನ್ನನ್ನು ಬೀಳಿಸುವವರೆಗೆ ಮಾತ್ರ ಇವರು ಜೊತೆಗಿರುತ್ತಾರೆ ಎಂದು ನನ್ನ ಕಲಮಿನಲ್ಲೇ ಬರೆದಿತ್ತು. ಹಾಗೇ ಆಯಿತು. ಇಬ್ಬರೂ ಕೂತು ಒಬ್ಬಟ್ಟು ಮುಗಿಸಿದರು, ಮತ್ತೆ ಮಾತಿಲ್ಲ. ಉಮಾ ತಟ್ಟೆ ನೋಡಿಕೊಂಡು ಅಳುತ್ತಿದ್ದಳು. ಬುಧವಾರ ಮೇಸ್ತ್ರಿ ಬಂದ, ಸಂಜೆಯೊಳಗೆ ಬಾಗಿಲು ಗೋಡೆಯಾಯಿತು. ನೋಟ್‌ಬುಕ್ಕನ್ನು ಅಜ್ಜಿ ಯಾವಾಗಲೋ ಅಪ್ಪನ ಪೆಟ್ಟಿಗೆಯಿಂದ ತೆಗೆದು ನನ್ನ ಬ್ಯಾಗಿಗೆ ಹಾಕಿದ್ದಳು. ಒಬ್ಬಟ್ಟಿನ ಎಣ್ಣೆಯ ಬೆರಳಿನ ಗುರುತು ನವಿಲಿನ ಕತ್ತಿನ ಮೇಲೆ ಇನ್ನೂ ಇದೆ.

ಈಗ ನಾನು ತಿಪಟೂರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ, ಸಂಜೆ ಬಸ್ಸಿಗೆ ಮನೆಗೆ ಬರುತ್ತೇನೆ. ಅಜ್ಜಿ ಇಲ್ಲ. ಎಡೆ ಈಗ ಎರಡು ಕಡೆ. ಉಮಾ ಮದುವೆಯಾಗಿ ಹುಳಿಯಾರಿನಲ್ಲಿದ್ದಾಳೆ. ತವರಿಗೆ ಬಂದಾಗ ಮುಂಬಾಗಿಲಿಂದ ಬಂದು ಮುಂಬಾಗಿಲಿಂದ ಹೋಗುತ್ತಾಳೆ, ನಾವು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ಮಾತಾಡುತ್ತೇವೆ. ಫೋನಿದೆ, ನಿಜ. ಒಂದೇ ಚಾಪೆಯ ಮೇಲೆ ಮೊಣಕೈಯೂರುವುದು ಫೋನಿನಲ್ಲಿ ಆಗುವುದಿಲ್ಲ. ನಡುಬಾಗಿಲಿದ್ದ ಕಡೆ ಎರಡೂ ಬದಿ ಗಾರೆ ಮಾಡಿಸಿಲ್ಲ, ಅದು ಅವರ ಕೆಲಸ ಎಂದು ಇಬ್ಬರೂ ಹೇಳುತ್ತಾರೆ. ಪಿಚ್ಚರುಗಳು ಈಗ ಕನ್ನಡದಲ್ಲೇ ಮಾತಾಡುತ್ತವೆ, ದೊಡ್ಡಪ್ಪನ ಅಗತ್ಯವಿಲ್ಲ. ಬಸ್ಸಿನಲ್ಲಿ ಕೂತು ನೋಡುತ್ತೇನೆ. ಹೊಸ ಪಿಚ್ಚರುಗಳಲ್ಲೂ ಪಕ್ಕದ ಬೀದಿಯಲ್ಲಿ ಅದೇ ಗರಡಿ, ಅದೇ ಮೀಸೆ. ಪೇಪರ್ ತೆಗೆದರೆ ಅದೇ ದೇಶಗಳ ನಡುವೆ ಹಡಗುಗಳು ಸಾಮಾನು ಹೊತ್ತು ಓಡಾಡುತ್ತಿರುತ್ತವೆ. ಬದುಕು ಒಂದು ಕಡೆ ನಡೆಯುತ್ತದೆ, ಪಿಚ್ಚರ್ ಇನ್ನೊಂದು ಕಡೆ ಓಡುತ್ತದೆ.

ಅಟ್ಟ ಇನ್ನೂ ಪಾಲಾಗಿಲ್ಲ. ಗೋಡೆ ಅಟ್ಟದ ತೊಲೆಯವರೆಗೆ ಹೋಗಿ ನಿಂತಿದೆ, ಅದರ ಮೇಲೆ ರಾಶಿ ಒಂದೇ. ಇಳಿಸುವುದು ವರ್ಷಗಳಿಂದ ಅಪ್ಪನೇ. ಅವನ ಕಿವಿ ಈಚೆಗೆ ಪಳಗಿದೆ ಎಂದು ವ್ಯಾಪಾರಿಗಳು ಹೊಗಳುತ್ತಾರೆ, ಹಾಳಾದ ಕಾಯಿ ಬರುವುದಿಲ್ಲ. ಕಳೆದ ತಿಂಗಳು ಒಂದು ರಜೆಯ ಬೆಳಿಗ್ಗೆ ಅಪ್ಪನಿಗೆ ಕಾಫಿ ಕೊಡಲು ನಾನು ಏಣಿಯ ಅರ್ಧದವರೆಗೆ ಹತ್ತಿದೆ. ಅಪ್ಪ ಗೋಡೆಯ ನೆತ್ತಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದ, ಬೆನ್ನು ನನ್ನ ಕಡೆ. ಒಂದು ಕಾಯಿ ತೆಗೆದುಕೊಂಡ. ಅಲ್ಲಾಡಿಸಿದ್ದು ತನ್ನ ಕಿವಿಯ ಹತ್ತಿರ ಅಲ್ಲ. ತೋಳು ಚಾಚಿ, ಗೋಡೆಯಾಚೆ ದೊಡ್ಡಪ್ಪನ ಪಡಸಾಲೆಯ ಮೇಲೆ ಹಿಡಿದು, ಮೂರು ಸಲ ಜೋರಾಗಿ ಅಲ್ಲಾಡಿಸಿದ. ಆಮೇಲೆ ಸುಮ್ಮನೆ ಕಾದ. ಕೆಳಗಿಂದ ಏನೂ ಬರಲಿಲ್ಲ. ಅಪ್ಪ ಅದನ್ನು ಕುಕ್ಕೆಗೆ ಹಾಕಿದ. ಇನ್ನೊಂದು ತೆಗೆದ, ಮೂರು ಸಲ ಅಲ್ಲಾಡಿಸಿದ. ಕೆಳಗೆ ದೊಡ್ಡಪ್ಪ ಒಂದು ಸಲ ಕೆಮ್ಮಿದ. ಅಪ್ಪ ಆ ಕಾಯನ್ನು ರಾಶಿಗೆ ಮರಳಿಸಿದ. ನಾನು ಲೋಟ ಹಿಡಿದುಕೊಂಡು ಹನ್ನೊಂದು ಕಾಯಿಯವರೆಗೆ ಎಣಿಸಿದೆ. ನಾಲ್ಕು ಕೆಮ್ಮು. ಒಂದಕ್ಕೂ ಅಪ್ಪ ಎದುರಾಡಲಿಲ್ಲ.

ಕಾಫಿ ಏಣಿಯ ಮೆಟ್ಟಿಲ ಮೇಲೇ ಇಟ್ಟು ಇಳಿದೆ. ಬಂದದ್ದು ಸಂತೋಷವಲ್ಲ, ಸಿಟ್ಟು. ಇವರಿಬ್ಬರಿಗೆ ಬೇಕಾದಷ್ಟು ಬಾಗಿಲು ಇವರು ಮೇಲೆ ಇಟ್ಟುಕೊಂಡಿದ್ದರು. ಕೆಳಗಿನದನ್ನು ಮುಚ್ಚಿದ್ದು ನನಗೂ ಉಮಾಳಿಗೂ ಮಾತ್ರ. ಹಿತ್ತಲಿಗೆ ಹೋಗಿ ಅವಳಿಗೆ ಫೋನ್ ಮಾಡಿದೆ. ಕಂಡದ್ದನ್ನೆಲ್ಲ ಹೇಳಿದೆ, ಕೆಮ್ಮಿನ ಲೆಕ್ಕದ ಸಮೇತ.

“ನಂಗೊತ್ತಿತ್ತು ಕಣೇ,” ಎಂದಳು.

“ಯಾವಾಗಿಂದ?”

“ಗೋಡೆ ಕಟ್ಟಿದ್ ಮೊದಲ್ನೇ ವರ್ಸದಿಂದ. ಕಾಯಿ ಇಳ್ಸೋ ವಾರ ಪೂರ್ತಿ ನಮ್ಮಪ್ಪ ಪಡಸಾಲೆ ಬುಟ್ಟು ಏಳ್ತಾನೇ ಇರ್ಲಿಲ್ಲ. ಟೀವೀನೂ ಹಾಕ್ತಿರ್ಲಿಲ್ಲ, ಸದ್ದು ಕೇಳ್ಸಲ್ಲ ಅಂತ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬರ್ಕೊಂತಿದ್ದೆ,” ಎಂದಳು ಉಮಾ. “ಆಮೇಲೆ ಎದ್ದು ನಿಂತ್ಕೊಂಡು ಓದ್ತಿದ್ದೆ.”